ಸಾದಾ, 95, 100: ಹುಬ್ಬಳ್ಳಿ-ಧಾರವಾಡದ ಟರ್ಬೊ ಗಾಡಿಗೆ ಯಾವ ಪೆಟ್ರೋಲು?

95, 100 ಅಂದರೆ ಪ್ರೀಮಿಯಂ ಪೆಟ್ರೋಲುಗಳ ಆಕ್ಟೇನ್ ಸಂಖ್ಯೆ. ನನ್ನ ಓಟು ಸಾದಾ ಪೆಟ್ರೋಲಿಗೆ. ಅದೂ ಯಾವುದೋ ಬಂಕಿನದ್ದಲ್ಲ, ಬೆಳಿಗ್ಗೆಯಿಂದ ರಾತ್ರಿವರೆಗೆ ಬೈಕು ಕಾರು ಸಾಲು ಕರಗದ ಬಂಕಿನ ಸಾದಾ. ಹೋಲಿಕೆಗೆ ಹಿಡಿದದ್ದು ಫೋಕ್ಸ್‌ವ್ಯಾಗನ್-ಸ್ಕೋಡಾದ ಟರ್ಬೊ, 1.5 ಲೀಟರ್ ಟಿಎಸ್‌ಐ ಎಂಜಿನ್, ಡಿಎಸ್‌ಜಿ ಅನ್ನುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ರೀಮ್ಯಾಪ್ ಆಗದ, ಅಂದರೆ ಶಕ್ತಿ ಏರಿಸಲು ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸದ ಗಾಡಿ. ಟಾಕಿ 45 ಲೀಟರಿನದು. ಓಟ ತಿಂಗಳಿಗೆ ಸುಮಾರು 1,200 ಕಿಲೋಮೀಟರ್: ಹೆಚ್ಚಿನದು ಹುಬ್ಬಳ್ಳಿ-ಧಾರವಾಡ, ನಡುನಡುವೆ ಹಾವೇರಿ, ಗದಗ, ಬೇಸಿಗೆಯಲ್ಲಿ ಅಂಕೋಲಾ.

ಆಕ್ಟೇನ್ ಅಂದರೆ ಪೆಟ್ರೋಲಿನ ಶಕ್ತಿ ಅಂತ ತಿಳಿದವರೇ ಬಹಳ. ಅದು ಶಕ್ತಿಯ ಲೆಕ್ಕ ಅಲ್ಲ, ತಾಳ್ಮೆಯ ಲೆಕ್ಕ. ಸಿಲಿಂಡರಿನೊಳಗೆ ಒತ್ತಡ, ಕಾವು ಏರಿದಾಗ ಸ್ಪಾರ್ಕಿನ ಬೆಂಕಿ ಬರುವವರೆಗೆ ಕಾಯದೆ ಮೂಲೆಯಲ್ಲಿದ್ದ ಪೆಟ್ರೋಲು ತಾನೇ ಹೊತ್ತಿಕೊಂಡರೆ ನಾಕಿಂಗ್. ಹಾಗೆ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದೇ ಆ ಸಂಖ್ಯೆ. ಟರ್ಬೊ ಗಾಳಿಯನ್ನು ಮೊದಲೇ ಒತ್ತಿ ಬಿಸಿ ಮಾಡಿ ಒಳಗೆ ತುರುಕುತ್ತದೆ, ಅದಕ್ಕೇ ಈ ಗಾಡಿಗಳಿಗೆ ಇಷ್ಟೆಲ್ಲ ಚಿಂತೆ. ನಾಕಿಂಗ್ ಆಯಿತು ಅಂತ ಸೆನ್ಸರ್ ಹೇಳಿದ ಕೂಡಲೇ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಸ್ಪಾರ್ಕನ್ನು ಕೆಲವು ಡಿಗ್ರಿ ತಡ ಮಾಡುತ್ತದೆ; ಇದಕ್ಕೇ ರಿಟಾರ್ಡ್ ಅನ್ನುವುದು. ಎಂಜಿನ್ ಉಳಿಯುತ್ತದೆ, ಪಿಕಪ್ ಸತ್ತಂತಾಗುತ್ತದೆ, ಎವರೇಜ್ ಇಳಿಯುತ್ತದೆ. ಕಿವಿಗೆ ಟಿಕ್ ಟಿಕ್ ಕೇಳಿಸಲೇಬೇಕು ಅಂತಿಲ್ಲ.

ಹಳೆಯ ಲೆಕ್ಕ ಸುಲಭವಿತ್ತು: ಸಾದಾ 91, ಪ್ರೀಮಿಯಂ 95. ಟರ್ಬೊ ಗಾಡಿಯವರು 95 ಹಾಕಿಸುವುದರಲ್ಲಿ ಅರ್ಥವಿತ್ತು. ಈಗ ಸಾದಾ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇದೆ. ಎಥೆನಾಲಿನ ಆಕ್ಟೇನ್ 108ರ ಆಸುಪಾಸು, ಹಾಗಾಗಿ ಬೆರಕೆಯ ಸಂಖ್ಯೆಯೂ ಏರಿತು. ಇ20 ಆದ ಮೇಲೆ ಸಾದಾ ಪೆಟ್ರೋಲು 95 ಆರ್‌ಒಎನ್‌ಗೆ (ನಮ್ಮಲ್ಲಿ ಆಕ್ಟೇನ್ ಅಳೆಯುವ ಲೆಕ್ಕ) ಬಂದಿದೆ ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿತು. ಎಥೆನಾಲು ಆವಿಯಾಗುವಾಗ ಸಿಲಿಂಡರಿನ ಕಾವನ್ನೂ ಹೀರುತ್ತದೆ, ಪೆಟ್ರೋಲನ್ನು ನೇರ ಸಿಲಿಂಡರಿಗೆ ಬಿಡುವ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗೆ ಅದು ಒಳ್ಳೆಯದೇ. ಕೆಟ್ಟದ್ದು ಎವರೇಜ್: ಲೀಟರಿಗೆ ಲೀಟರ್ ಹಿಡಿದರೆ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಮ್ಮಿ, ಬೆರಕೆಯಲ್ಲಿ ಅದು ಶೇಕಡಾ 6-7ರಷ್ಟು ಹೊಡೆತ. ಅಂದರೆ ಇವತ್ತು ಸಾದಾ ಮತ್ತು 95ರ ನಡುವೆ ಹೋಲಿಸಬೇಕಾದದ್ದು ಆಕ್ಟೇನನ್ನೇ ಅಲ್ಲ.

ಇನ್ನೊಂದು ಗೊಂದಲ: ಅಮೆರಿಕದ ವಿಡಿಯೋ ನೋಡಿ "91 ಹಾಕಿದ್ರ ಸಾಕಂತ್ರಿ" ಅನ್ನುವುದು. ಅವರ 91 ಬೇರೆ ಅಳತೆಯದು, ನಮ್ಮ ಲೆಕ್ಕದಲ್ಲಿ ಅದು 95-96. ನಂಬಬೇಕಾದದ್ದು ಟಾಕಿಯ ಮುಚ್ಚಳದ ಒಳಗಿನ ಸ್ಟಿಕರ್ ಒಂದನ್ನೇ.

ಹೋಲಿಸುವ ರೀತಿಯಲ್ಲೇ ಬಹಳ ಜನ ತಪ್ಪುತ್ತಾರೆ. ಅರ್ಧ ಟಾಕಿ ಸಾದಾ ಇರುವಾಗ ಮೇಲೆ ಸಾವಿರ ರೂಪಾಯಿಯ 100 ಹಾಕಿಸಿ, ಬೈಪಾಸಿಗೆ ಹೋಗಿ ಒಮ್ಮೆ ತುಳಿದು "ಮಸ್ತ್ ಆತು ನೋಡಪಾ" ಅನ್ನುತ್ತಾರೆ. ಲೀಟರಿಗೆ 160ರ ದರದಲ್ಲಿ ಸಾವಿರಕ್ಕೆ ಬರುವುದು ಆರೂಕಾಲು ಲೀಟರ್. ಟಾಕಿಯಲ್ಲಿ 20 ಲೀಟರ್ 95 ಇದ್ದರೆ ಬೆರೆತ ಮೇಲೆ ಆಗುವುದು 96ರ ಮೇಲೆ ಚೂರು. ಸಾವಿರ ಕೊಟ್ಟು ಒಂದು ಪಾಯಿಂಟ್ ಕೊಂಡಂತಾಯಿತು. ಸರಿಯಾಗಿ ನೋಡಬೇಕೆಂದರೆ ಟಾಕಿ ರಿಸರ್ವಿಗೆ ಇಳಿಯಬೇಕು, ಒಂದೇ ಬಂಕಿನಲ್ಲಿ ಒಂದೇ ಪೆಟ್ರೋಲನ್ನು ಎರಡು ಸಲ ಫುಲ್ ಮಾಡಿಸಬೇಕು, ಮೊದಲ ಟಾಕಿಯ ಲೆಕ್ಕ ಬಿಟ್ಟು ಎರಡನೆಯದನ್ನಷ್ಟೇ ಹಿಡಿಯಬೇಕು. ಇಸಿಯು ಹೊಸ ಪೆಟ್ರೋಲಿಗೆ ಹೊಂದಿಕೊಳ್ಳಲೂ ಸ್ವಲ್ಪ ಓಟ ಬೇಕು. ಡ್ಯಾಶ್‌ಬೋರ್ಡ್ ತೋರಿಸುವ ಎವರೇಜ್ ಬೇಡ; ಮೊದಲ ಕ್ಲಿಕ್ಕಿಗೆ ನಿಲ್ಲಿಸಿ, ಬಿಲ್ಲಿನ ಲೀಟರಿನಿಂದ ಕಿಲೋಮೀಟರ್ ಭಾಗಿಸಿದರೆ ಬಂದದ್ದೇ ನಿಜ.

ನಾಕಿಂಗ್ ನೋಡಲು ಒಬಿಡಿ ಡಾಂಗಲ್ ಬೇಕು, ಅಂದರೆ ಗಾಡಿಯ ಸಾಕೆಟ್ಟಿಗೆ ಸಿಕ್ಕಿಸಿ ಇಸಿಯು ಅಂಕಿಗಳನ್ನು ಫೋನಿನಲ್ಲಿ ತೋರಿಸುವ ಸಾಧನ. ಅಗ್ಗದ್ದು ಸ್ಪಾರ್ಕ್ ಟೈಮಿಂಗ್ ಒಂದನ್ನೇ ತೋರಿಸುತ್ತದೆ. ಈ ಜರ್ಮನ್ ಗಾಡಿಗಳಿಗೆ ಒಬಿಡಿ‌ಇಲೆವೆನ್ ಥರದ್ದಾದರೆ ಒಂದೊಂದು ಸಿಲಿಂಡರಿನಲ್ಲಿ ಎಷ್ಟು ಡಿಗ್ರಿ ಹಿಂದೆ ಸರಿಸಿದೆ ಎಂಬುದೂ ಬರುತ್ತದೆ. ಓದುವಾಗ ಪಕ್ಕದಲ್ಲಿ ಕೂತವರು ಓದಬೇಕು, ಓಡಿಸುವವರಲ್ಲ. ಬಿಸಿಲಲ್ಲಿ, ಎಸಿ ಹಾಕಿ, ಮೂರನೇ ಗೇರಿನಲ್ಲಿ ಏರು ಹತ್ತುವಾಗ ಒಂದೆರಡು ಡಿಗ್ರಿ ಬಂದು ಹೋದರೆ ತಲೆ ಕೆಡಿಸಿಕೊಳ್ಳುವಂಥದ್ದಲ್ಲ. ನಾಲ್ಕೂ ಸಿಲಿಂಡರಿನಲ್ಲಿ ನಾಲ್ಕು ಡಿಗ್ರಿ ದಾಟಿ ಅಲ್ಲೇ ಕೂತರೆ ಪೆಟ್ರೋಲಿನ ಮೇಲೆ ಅನುಮಾನ. ಒಂದೇ ಸಿಲಿಂಡರಿನಲ್ಲಿ ಬಂದರೆ ಪೆಟ್ರೋಲಿನ ತಪ್ಪಲ್ಲ. ಪ್ಲಗ್, ಇಂಜೆಕ್ಟರ್ ಅಥವಾ ಕಾರ್ಬನ್ ನೋಡಿಸಬೇಕು.

ಹೀಗೆ ನೋಡಿದರೆ ಓಡುವ ಬಂಕಿನ ಸಾದಾಕ್ಕೂ ಒಳ್ಳೆಯ 95ಕ್ಕೂ ಈ ಎಂಜಿನ್ನಿನಲ್ಲಿ ಟೈಮಿಂಗಿನ ವ್ಯತ್ಯಾಸ ಕೈಗೆ ಸಿಗಲಿಲ್ಲ. ಎವರೇಜಿನ ವ್ಯತ್ಯಾಸ ದಶಮಾಂಶದಲ್ಲಿತ್ತು. ಬಿಆರ್‌ಟಿಎಸ್ ರಸ್ತೆಯ ಸಿಗ್ನಲ್ ಒಂದು ದಿನ ಹೆಚ್ಚು ನಿಲ್ಲಿಸಿದರೂ ಅಷ್ಟು ಬರುತ್ತದೆ.

95ರಲ್ಲಿ ದುಡ್ಡು ಕೊಡುವುದು ಮುಖ್ಯವಾಗಿ ಅಡಿಟಿವ್‌ಗೆ, ಅಂದರೆ ತೊಳೆಯುವ ಔಷಧಿಗೆ. ಇಂಜೆಕ್ಟರಿನ ಬಾಯಿ ಸ್ವಚ್ಛ ಇಡಲು ಅದು ಉಪಯೋಗ, ಇಲ್ಲ ಅನ್ನುವುದಿಲ್ಲ. ಆದರೆ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಮಸಿ ಕಟ್ಟುವುದು ಇಂಟೇಕ್ ವಾಲ್ವಿನ ಬೆನ್ನಿಗೆ. ಪೆಟ್ರೋಲು ನೇರ ಸಿಲಿಂಡರಿಗೆ ಬೀಳುವುದರಿಂದ ಆ ವಾಲ್ವಿಗೆ ಹನಿಯೂ ತಾಗುವುದಿಲ್ಲ. ಎಂಥ ದುಬಾರಿ ಪೆಟ್ರೋಲು ಹಾಕಿದರೂ ಆ ಮಸಿ ಹೋಗದು, ಬಿಚ್ಚಿ ಅಕ್ರೋಟಿನ ಚಿಪ್ಪಿನ ಪುಡಿ ಊದಿಯೇ ತೆಗೆಯಬೇಕು.

ಈಗ ಈ ಹೋಲಿಕೆಗೆ ಕಾರಣವಾದ ಕಿರಿಕಿರಿಗೆ ಬರೋಣ. 95ರ ತೊಂದರೆ 95ರಲ್ಲಿಲ್ಲ, ಅದು ಮಲಗುವ ಟ್ಯಾಂಕಿನಲ್ಲಿದೆ. ನಮ್ಮ ಕಡೆ ಹೆದ್ದಾರಿಯ ಎಷ್ಟೋ ಬಂಕುಗಳಲ್ಲಿ ಡೀಸೆಲ್ ಹರಿಯುತ್ತದೆ, ಸಾದಾ ಪೆಟ್ರೋಲು ನಡೆಯುತ್ತದೆ, ಪ್ರೀಮಿಯಂ ಕೂತಿರುತ್ತದೆ. ದಿನಕ್ಕೆ ನಾಲ್ಕು ಗಾಡಿ ಹಾಕಿಸಿದರೆ ಒಂದು ಲೋಡ್ ಎಷ್ಟು ದಿನ ಬರಬಹುದು, ಲೆಕ್ಕ ಹಾಕಿರಿ. ಕೂತ ಪೆಟ್ರೋಲಿನ ಹಗುರ ಭಾಗ ಆವಿಯಾಗುತ್ತ ಹೋಗುತ್ತದೆ. ಅದಕ್ಕಿಂತ ದೊಡ್ಡದು ನೀರು.

ಧಾರವಾಡದ ಮಳೆಗಾಲ ಗೊತ್ತಲ್ಲ, ವಾರಗಟ್ಟಲೆ ಜಿಟಿಜಿಟಿ. ನೆಲದಡಿಯ ಟ್ಯಾಂಕಿನ ಫಿಲ್ಲಿಂಗ್ ಮುಚ್ಚಳದ ಗುಂಡಿಯಲ್ಲಿ ನೀರು ನಿಂತು, ವಾಷರ್ ಹಳೆಯದಾಗಿದ್ದರೆ ಒಳಗಿಳಿಯುತ್ತದೆ. ಎಥೆನಾಲ್ ಇಲ್ಲದ ಕಾಲದಲ್ಲಿ ಆ ನೀರು ತಳದಲ್ಲಿ ಬೇರೆಯಾಗಿಯೇ ಕೂರುತ್ತಿತ್ತು, ಪಂಪಿನ ಪೈಪು ತಳಕ್ಕಿಂತ ಮೇಲಿರುವುದರಿಂದ ಗಾಡಿಗೆ ಬರುತ್ತಿದ್ದದ್ದು ಕಮ್ಮಿ. ಎಥೆನಾಲ್ ಹಾಗಲ್ಲ. ಅದು ನೀರನ್ನು ಕರೆದು ಅಪ್ಪಿಕೊಳ್ಳುತ್ತದೆ. ಸ್ವಲ್ಪ ನೀರಾದರೆ ಕರಗಿಸಿಕೊಂಡೇ ಇರುತ್ತದೆ, ಎಂಜಿನ್ನಿಗೂ ಗೊತ್ತಾಗುವುದಿಲ್ಲ. ಮಿತಿ ದಾಟಿತೋ, ಎಥೆನಾಲು ಮತ್ತು ನೀರು ಎರಡೂ ಕೈಹಿಡಿದು ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತವೆ. ತಂಪು ಹೆಚ್ಚಿದಷ್ಟೂ ಈ ಮಿತಿ ಇನ್ನೂ ಕೆಳಗೆ ಬರುತ್ತದೆ. ಈಗ ಮೇಲಿನ ಪದರಿನಿಂದ ಬಂದರೆ ಎಥೆನಾಲ್ ಕಳೆದುಕೊಂಡ, ಆಕ್ಟೇನ್ ಇಳಿದ ಪೆಟ್ರೋಲು. ತಳದಿಂದ ಬಂದರೆ ನೀರು ಕುಡಿದ ಎಥೆನಾಲು. ಬೋರ್ಡಿನ ಮೇಲೆ ಮಾತ್ರ 95.

ಅಂಥ ಒಂದು ಟಾಕಿಯ ಲಕ್ಷಣ ಹೀಗಿತ್ತು: ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ನಡುಕ, ಐಡ್ಲಿಂಗಿನಲ್ಲಿ ಕುಂಟುವುದು, ಏರಿನಲ್ಲಿ ನಾಲ್ಕೂ ಸಿಲಿಂಡರಿನಲ್ಲಿ ಐದು ಡಿಗ್ರಿ ರಿಟಾರ್ಡ್, ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೋಷ ಹೇಳುವ ಇಪಿಸಿ ದೀಪ. ಹೀಗಾದರೆ ಮತ್ತೆ ಮತ್ತೆ ಕ್ರ್ಯಾಂಕ್ ಮಾಡಬಾರದು. ಹೈ-ಪ್ರೆಶರ್ ಪಂಪಿಗೆ ಪೆಟ್ರೋಲೇ ಎಣ್ಣೆ, ನೂರಾರು ಬಾರ್ ಒತ್ತಡದಲ್ಲಿ ನೀರು ಹೋದರೆ ಅದು ಸವೆಯುತ್ತದೆ, ಅದರ ಬೆಲೆ ಕೇಳಿದ ಮೇಲೆ ಟಾಕಿ ಇಳಿಸುವ ಖರ್ಚು ಖರ್ಚೇ ಅನ್ನಿಸುವುದಿಲ್ಲ. ಟೋ ಮಾಡಿಸಿ, ಟಾಕಿ ಪೂರ್ತಿ ಖಾಲಿ ಮಾಡಿಸಿ, ತೆಗೆದದ್ದರಲ್ಲಿ ಸ್ವಲ್ಪ ಗಾಜಿನ ಬಾಟಲಿಯಲ್ಲಿ ಇಟ್ಟುಕೊಂಡು, ಬಿಲ್ ಜೊತೆ ಬಂಕಿನ ದೂರು ಪುಸ್ತಕದಲ್ಲಿ ಬರೆಸಬೇಕು. ಯುಪಿಐನಲ್ಲಿ ಕೊಟ್ಟಿದ್ದೀವಲ್ಲ ಅಂತ ಬಿಲ್ ಬಿಟ್ಟು ಬಂದರೆ ಎಷ್ಟು ಲೀಟರ್, ಯಾವ ಪೆಟ್ರೋಲು ಅನ್ನುವುದಕ್ಕೆ ಪುರಾವೆ ಉಳಿಯುವುದಿಲ್ಲ.

ಹಾಕಿಸುವ ಮೊದಲೇ ನೋಡುವುದು ಹೆಂಗೆ? ಫಿಲ್ಟರ್ ಪೇಪರ್ ಪರೀಕ್ಷೆ ಎಲ್ಲರಿಗೂ ಗೊತ್ತು: ನಾಜಲ್ ತುದಿ ಒರೆಸಿ ಒಂದು ಹನಿ ಬಿಟ್ಟರೆ ಎರಡು ನಿಮಿಷದಲ್ಲಿ ಕಲೆ ಉಳಿಯದೆ ಆರಬೇಕು. ಅದು ಸೀಮೆಎಣ್ಣೆ, ಡೀಸೆಲ್ ಹಿಡಿಯುತ್ತದೆ. ನೀರನ್ನಲ್ಲ, ಆಕ್ಟೇನನ್ನಂತೂ ಅಲ್ಲವೇ ಅಲ್ಲ. ಡೆನ್ಸಿಟಿ, ಅಂದರೆ ಸಾಂದ್ರತೆ (ಘನ ಮೀಟರಿಗೆ ಎಷ್ಟು ಕಿಲೋ), ಕೇಳುವುದು ಮೇಲು. "ಅಣ್ಣಾ, ಡೆನ್ಸಿಟಿ ಒಂದ್ ಸಲ ತೋರಸ್ರಿ" ಅಂದರೆ ಗಾಜಿನ ಜಾರು, ಹೈಡ್ರೋಮೀಟರ್, ಥರ್ಮಾಮೀಟರ್ ತರಬೇಕು. ಬಂದ ಅಂಕಿಯನ್ನು ಕೋಷ್ಟಕ ನೋಡಿ 15 ಡಿಗ್ರಿಗೆ ಇಳಿಸಿದರೆ, ಅವತ್ತಿನ ರಿಜಿಸ್ಟರಿನ ಅಂಕಿಗೂ ಅದಕ್ಕೂ 3ಕ್ಕಿಂತ ಹೆಚ್ಚು ಅಂತರ ಇರಬಾರದು. ಆದರೆ ಈ ಪರೀಕ್ಷೆಯ ನಿಜವಾದ ಲಾಭ ಆ ಅಂಕಿಯಲ್ಲ, ಆ ಗಾಜಿನ ಜಾರು. ಅದನ್ನು ಬೆಳಕಿಗೆ ಹಿಡಿದು ನೋಡಿರಿ. ಒಳ್ಳೆಯ ಪೆಟ್ರೋಲು ಆಚೆ ಬದಿಯ ಬೋರ್ಡು ಓದುವಷ್ಟು ತಿಳಿ ಇರುತ್ತದೆ. ಮಂಜು ಕವಿದಂತೆ ಮಬ್ಬಾಗಿದ್ದರೆ, ತಳದಲ್ಲಿ ಗುಳ್ಳೆಯಂಥ ಹನಿ ಉರುಳಾಡಿದರೆ, ಥ್ಯಾಂಕ್ಸ್ ಹೇಳಿ ಗಾಡಿ ತೆಗೆಯುವುದೇ ಸೈ.

95 ಅಂದರೆ ಎಥೆನಾಲ್ ಇಲ್ಲದ್ದು ಅಂತ ಹಾಕಿಸುವವರೂ ಇದ್ದಾರೆ. ಆಕ್ಟೇನ್ ಒಂದು ಲೆಕ್ಕ, ಎಥೆನಾಲ್ ಇನ್ನೊಂದು ಲೆಕ್ಕ. ಅನುಮಾನ ಇದ್ದವರು ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ ಮುಚ್ಚಳ ಇರುವ 100 ಮಿಲಿ ಅಳತೆಯ ಗಾಜಿನ ಜಾರು ತಂದು, ಬಯಲಲ್ಲಿ, ಬೆಂಕಿ ಬೀಡಿ ದೂರ ಇಟ್ಟು ನೋಡಬಹುದು. 10 ಮಿಲಿ ನೀರು, ಮೇಲೆ 90 ಮಿಲಿ ಪೆಟ್ರೋಲು, ಅಲ್ಲಾಡಿಸಿ, ನಡುವೆ ಮುಚ್ಚಳ ಸಡಿಲಿಸಿ ಗಾಳಿ ಬಿಟ್ಟು, ಹತ್ತು ನಿಮಿಷ ನಿಲ್ಲಿಸಬೇಕು. ಎಥೆನಾಲು ಕೆಳಗಿನ ನೀರಿಗೆ ಸೇರಿ ಆ ಪದರು ಉಬ್ಬುತ್ತದೆ. 28ರ ಗೆರೆಗೆ ಬಂತೆಂದರೆ ಹೆಚ್ಚಾದದ್ದು 18 ಮಿಲಿ, 90ಕ್ಕೆ 18 ಅಂದರೆ ಶೇಕಡಾ 20. 10ರಲ್ಲೇ ನಿಂತರೆ ಎಥೆನಾಲ್ ಇಲ್ಲ.

100ರ ವಿಷಯ ಚಿಕ್ಕದು. ಪೆಟ್ರೋಲು ಒಳ್ಳೆಯದು, ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ಎಕ್ಸ್‌ಪಿ100 ತಂದಾಗಿನಿಂದ ಅದರ ಗುಣದ ಬಗ್ಗೆ ತಕರಾರಿಲ್ಲ. ಆದರೆ 95ಕ್ಕೆ ಟ್ಯೂನ್ ಆದ ಎಂಜಿನ್ ಮಿಕ್ಕ ಆಕ್ಟೇನನ್ನು ಏನು ಮಾಡಬೇಕು? ಮೇಲಾಗಿ ನಮ್ಮ ಕಡೆ ಬೇಕೆಂದಾಗ ಸಿಗುವ ಮಾಲಲ್ಲ. ಪುಣೆಯಲ್ಲಿ ಟಾಕಿ ತುಂಬಿಸಿ ಹೊರಟರೆ ಧಾರವಾಡ ಮುಟ್ಟುವಷ್ಟರಲ್ಲಿ ಮುಳ್ಳು ಕೆಳಗೆ.

ಮುಚ್ಚಳದ ಮೇಲೆ 98 ಎಂದು ಬರೆದ ಆಮದು ಗಾಡಿಯಾದರೆ ಮಾತು ಬೇರೆ, ಸಿಕ್ಕಲ್ಲಿ 100 ಹಾಕಿಸಿ, ಸಿಗದಿದ್ದಾಗ ಕಾಲು ಹಗುರ ಇಡಬೇಕು. ರೀಮ್ಯಾಪ್ ಮಾಡಿಸಿದವರಿಗೆ ಮಾತ್ರ ಇದು ಆಟವಲ್ಲ. ಟ್ಯೂನರ್‌ಗಳು 95ಕ್ಕೊಂದು, 100ಕ್ಕೊಂದು ಫೈಲ್ ಕೊಡುತ್ತಾರೆ. 100ರ ಫೈಲಿನಲ್ಲಿ ಕುದುರೆ (ಹಾರ್ಸ್‌ಪವರ್) ಹೆಚ್ಚು ಅಂತ ಹಾಕಿಸಿ, ಹಾವೇರಿಯಲ್ಲಿ ಸಿಕ್ಕಿದ್ದು ಹಾಕಿಸಿ, ಬೇಸಿಗೆಯಲ್ಲಿ ಒತ್ತಿದರೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯಬಹುದು. ಇಲ್ಲಿ ಇರುವವರು 95ರ ಫೈಲನ್ನೇ ಕೇಳಬೇಕು, ಹತ್ತು ಕುದುರೆ ಹೋದರೆ ಹೋಗಲಿ.

ಆಕ್ಟೇನ್ ಬೂಸ್ಟರ್ ಬಾಟಲಿ: "ಹತ್ತು ಪಾಯಿಂಟ್" ಅಂದರೆ ಸಾಮಾನ್ಯವಾಗಿ ಒಂದು ಆಕ್ಟೇನ್. ಬೇಡ.

ದುಡ್ಡಿನ ಲೆಕ್ಕ. ಸಾದಾ 103, 95 ಅದಕ್ಕಿಂತ 8 ರೂಪಾಯಿ ಹೆಚ್ಚು, 100 ಅಂದಾಜು 160 ಅಂತ ಹಿಡಿಯಿರಿ, ಎವರೇಜ್ 13.3. ತಿಂಗಳಿಗೆ 90 ಲೀಟರ್ ಬೇಕು. 95ಕ್ಕೆ ತಿಂಗಳಿಗೆ 720 ರೂಪಾಯಿ ಹೆಚ್ಚು, 100ಕ್ಕೆ 5,130. ಆ ದುಡ್ಡು ಮರಳಿ ಬರಬೇಕಾದರೆ 95ರಲ್ಲಿ ಎವರೇಜ್ 14.3 ಆಗಬೇಕು, 100ರಲ್ಲಿ 20ರ ಮೇಲೆ. ಆಗುವುದಿಲ್ಲ. ವರ್ಷಕ್ಕೆ ಉಳಿಯುವ ಎಂಟು ಸಾವಿರದಲ್ಲಿ ಕಂಪನಿ ಹೇಳಿದ ಗ್ರೇಡಿನ ಎಂಜಿನ್ ಆಯಿಲನ್ನು ಅವಧಿಗೆ ಮೊದಲೇ ಬದಲಿಸುವುದು ಈ ಎಂಜಿನ್ನಿಗೆ ಹೆಚ್ಚು ಉಪಕಾರ. ಕಡಿಮೆ ಆರ್‌ಪಿಎಂನಲ್ಲಿ ಒತ್ತಿದಾಗ ಸ್ಪಾರ್ಕಿಗೆ ಮೊದಲೇ ಹೊತ್ತಿಕೊಳ್ಳುವ ರೋಗ ಟರ್ಬೊ ಎಂಜಿನ್ನುಗಳಿಗಿದೆ, ಅದಕ್ಕೆ ಆಕ್ಟೇನಿಗಿಂತ ಆಯಿಲೇ ಮದ್ದು. ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗೊತ್ತು ಮಾಡಿದ ಎಸ್‌ಪಿ ದರ್ಜೆಯ ಆಯಿಲ್ ಬಂದದ್ದೇ ಆ ಕಾರಣಕ್ಕೂ.

ಅಂಕೋಲಾದಿಂದ ವಾಪಸ್ ಬರುವಾಗ ಅರಬೈಲ್ ಘಾಟ್ ಹತ್ತುವಾಗ, ಐದು ಜನ, ಎಸಿ, ಏಪ್ರಿಲ್ ಬಿಸಿಲು, ಮುಂದೆ ಲಾರಿ ಸಾಲು ಇರುತ್ತದಲ್ಲ, ಆಗಲೂ ಸಾದಾ ಸಾಕು. ಗೇರನ್ನು ಡಿಯಿಂದ ಎಸ್‌ಗೆ (ಸ್ಪೋರ್ಟ್) ತಂದು 2,500 ಆರ್‌ಪಿಎಂ ಮೇಲೆ ಇಟ್ಟುಕೊಂಡರೆ ರಿಟಾರ್ಡ್ ಇಳಿಯುತ್ತದೆ. ಟಾಕಿಯನ್ನು ಮಾತ್ರ ಹುಬ್ಬಳ್ಳಿಯಲ್ಲೇ ಫುಲ್ ಮಾಡಿಸಿಕೊಂಡು ಹೋಗಿರಿ, ಹೋಗಿ ಬರಲು ಅಷ್ಟು ಸಾಕಾಗುತ್ತದೆ.