450 ರೂಪಾಯಿಯ ‘ಲೆದರ್ ಫರ್ನ್’: ಗಿಡ ಗಟ್ಟಿ, ಚೀಟಿ ಪೊಳ್ಳು

ಕಳೆದ ವರ್ಷ ಮೇ ತಿಂಗಳ ಮೊದಲ ವಾರದಲ್ಲಿ, ಉಡುಪಿಯಿಂದ ಉತ್ತರಕ್ಕೆ ಹೋಗುವ ಹೆದ್ದಾರಿ ಬದಿಯ ನರ್ಸರಿಯೊಂದರಿಂದ 450 ರೂಪಾಯಿ ಕೊಟ್ಟು ಒಂದು ಜರೀಗಿಡವನ್ನು ತಂದೆ. ಕಪ್ಪು ಪ್ಲಾಸ್ಟಿಕ್ ಚಟ್ಟಿ, ಕೊಕೊಪೀಟ್ ತುಂಬಿದ ಬುಡ, ಸೊಂಟದೆತ್ತರದ ನಾಲ್ಕು ಗರಿಗಳು, ಜೊತೆಗೆ ಅಂದವಾಗಿ ಮುದ್ರಿಸಿದ ಚೀಟಿ. ಚೀಟಿಯಲ್ಲಿ ‘ಲೆದರ್ ಫರ್ನ್, ಮನೆಯೊಳಗಿನ ನೆರಳಿಗೆ ಸೂಕ್ತ, ವಾರಕ್ಕೆ ಎರಡು ಬಾರಿ ನೀರು, ಬೇರಿನಲ್ಲಿ ನೀರು ನಿಲ್ಲಬಾರದು’ ಎಂದು ಬರೆದಿತ್ತು. ಅದನ್ನು ನಂಬಿ ಗಿಡವನ್ನು ಜಗಲಿಯ ಮೂಲೆಯಲ್ಲಿಟ್ಟೆ. ಮೂರು ವಾರ ಕಳೆಯುವಷ್ಟರಲ್ಲಿ ಎರಡು ಗರಿಗಳು ತುದಿಯಿಂದ ಒಣಗುತ್ತ ಬಂದು ಕಾಗದದಂತೆ ಗರಿಗರಿಯಾದವು.

ಒಣಗಿದ ಗರಿಯನ್ನು ಕತ್ತರಿಸಲು ಹೋದಾಗ ತೊಟ್ಟಿನ ಬುಡದಲ್ಲಿ ಮುಳ್ಳಿನಂತಹ ಮೊಂಡುಗಳು ಕೈಗೆ ತಾಗಿದವು. ಅವು ನಿಜವಾದ ಮುಳ್ಳುಗಳಲ್ಲ, ಬೆಳೆಯದೆ ಕುಗ್ಗಿಹೋದ ಎಲೆದಳಗಳು. ದಳಗಳು ಒಂದು ಗೇಣಿಗಿಂತ ಉದ್ದವಾಗಿ, ದಪ್ಪ ತೊಗಲಿನಂತಿದ್ದವು. ತುದಿ ಮೊಂಡಾಗಿ, ನಡುವೆ ಒಂದು ಚಿಕ್ಕ ಮೊನೆ ಮಾತ್ರ ಹೊರಚಾಚಿತ್ತು. ಬೆಳಕಿಗೆ ಹಿಡಿದರೆ ನರಗಳು ಬಲೆಯಂತೆ ಹೆಣೆದುಕೊಂಡಿರುವುದು ಕಾಣುತ್ತಿತ್ತು. ಕಲ್ಯಾಣಪುರ, ಕೆಮ್ಮಣ್ಣು ಕಡೆಯ ಸ್ವರ್ಣಾ ನದಿಯ ದಡಗಳಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹಿಂಬದಿಗೆ ಪೊದೆಯಾಗಿ ನಿಲ್ಲುವ ಅದೇ ಜರೀಗಿಡ ಇದೆಂದು ಆಗ ಹೊಳೆಯಿತು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಅಕ್ರೋಸ್ಟಿಕಮ್ ಆರಿಯಮ್. 1753ರಲ್ಲಿ ಲಿನೇಯಸ್ ಇಟ್ಟ ಹೆಸರು.

ಚೀಟಿ ಹೇಗೆ ತಪ್ಪಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಹೂಗುಚ್ಛಗಳಲ್ಲಿ ಹಸಿರಿಗಾಗಿ ಸೇರಿಸುವ ‘ಲೆದರ್‌ಲೀಫ್ ಫರ್ನ್’ ಎಂಬ ಇನ್ನೊಂದು ಗಿಡವಿದೆ, ಅದು ರುಮೋರಾ ಕುಲದ್ದು. ಅದಕ್ಕೆ ನೆರಳು ಬೇಕು, ನೀರು ಬಸಿದುಹೋಗುವ ಮಣ್ಣು ಬೇಕು. ಹೆಸರಿನ ಸಾಮ್ಯದಿಂದಾಗಿ ಅದರ ಆರೈಕೆಯ ಮಾತುಗಳು ಕೆಸರಿನ ಗಿಡದ ಕೊರಳಿಗೆ ಬಿದ್ದಿವೆ. ಎರಡರ ಸ್ವಭಾವವೂ ಒಂದಕ್ಕೊಂದು ತೀರ ವಿರುದ್ಧವಾಗಿರುವುದರಿಂದ, ಚೀಟಿಯನ್ನು ಚಾಚೂ ತಪ್ಪದೆ ಪಾಲಿಸುವ ಗ್ರಾಹಕನೇ ಗಿಡವನ್ನು ಬೇಗ ಕೊಲ್ಲುತ್ತಾನೆ.

ಈ ಗಿಡದ ನೆಲೆ ಎಂಥದ್ದೆಂದು ತಿಳಿದರೆ ಆರೈಕೆ ತಾನಾಗಿ ತಿಳಿಯುತ್ತದೆ. ಪ್ರಪಂಚದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಗೆಯ ಜರೀಗಿಡಗಳಿದ್ದರೂ ಉಪ್ಪುನೀರಿನ ನೆಲದಲ್ಲಿ ಬದುಕಬಲ್ಲವು ಬೆರಳೆಣಿಕೆಯಷ್ಟು. ಅಕ್ರೋಸ್ಟಿಕಮ್ ಕುಲದ ಮೂರು ಪ್ರಭೇದಗಳು ಅವುಗಳಲ್ಲಿ ಮುಖ್ಯವಾದವು, ಅವುಗಳ ಪೈಕಿ ಏಷ್ಯಾ, ಆಫ್ರಿಕಾ, ಅಮೆರಿಕ ಮೂರೂ ಖಂಡಗಳ ಉಷ್ಣವಲಯದ ಕರಾವಳಿಗಳಲ್ಲಿ ಸಿಗುವುದು ಇದೊಂದೇ. ಆದರೂ ಇದು ಅಳಿವೆಯ ಅಲೆಗೆ ಎದೆಯೊಡ್ಡುವ ಗಿಡವಲ್ಲ. ನದಿಯ ಕಡೆಯ ಸಾಲಿನಲ್ಲಿ ಊರುಗಾಲಿನಂತಹ ಬೇರುಗಳ ಮೇಲೆ ನಿಂತ ಕಾಂಡ್ಲಾ ಇರುತ್ತದೆ. ಜರೀಗಿಡ ಅದರ ಹಿಂದೆ, ದೊಡ್ಡ ಭರತದ ನೀರು ಮಾತ್ರ ಮುಟ್ಟುವ ಎತ್ತರದಲ್ಲಿ, ತೆಂಗಿನ ತೋಟದ ದರೆಯ ಬುಡದಲ್ಲಿಯೋ ಹಾಳುಬಿದ್ದ ಗದ್ದೆಯ ಅಂಚಿನಲ್ಲಿಯೋ ನಿಲ್ಲುತ್ತದೆ. ಉಪ್ಪನ್ನು ಸಹಿಸುತ್ತದೆಯೇ ಹೊರತು ಅದಕ್ಕೆ ಉಪ್ಪು ಬೇಕೆಂದಿಲ್ಲ. ಬೇಕಾದದ್ದು ಸದಾ ಒದ್ದೆಯಾದ ಬುಡ ಮತ್ತು ಧಾರಾಳ ಬಿಸಿಲು.

ಹಾಗಾಗಿ ತಳದಲ್ಲಿ ತೂತಿಲ್ಲದ ಹಳೆಯ ಸಿಮೆಂಟ್ ತೊಟ್ಟಿಯೊಂದಕ್ಕೆ ಗದ್ದೆಯ ಜೇಡಿಮಣ್ಣು ತುಂಬಿ, ಗಿಡವನ್ನು ಅದಕ್ಕೆ ಬದಲಿಸಿ, ಅಂಗಳದ ಬಾವಿಕಟ್ಟೆಯ ಪಕ್ಕ ಬಿಸಿಲಿಗೆ ಇಟ್ಟೆ. ಬಾವಿಯ ಸಿಹಿನೀರನ್ನೇ ಹಾಕಿದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸುರುಳಿ ಬಿಚ್ಚುತ್ತ ಒಂದರ ಹಿಂದೊಂದು ಹೊಸ ಗರಿಗಳು ಬಂದವು, ದೀಪಾವಳಿಯ ಹೊತ್ತಿಗೆ ಒಂದು ಗರಿ ನನ್ನ ತಲೆಯನ್ನು ಮೀರಿತು. ನದಿಯಂಚಿನಲ್ಲಿ ಇದರ ಗರಿಗಳು ಮೂರು ಮೀಟರ್ ಮುಟ್ಟುವುದುಂಟು. ಅಪಾರ್ಟ್‌ಮೆಂಟಿನ ಬಾಲ್ಕನಿಗೆಂದು ಇದನ್ನು ಮಾರುವವರಿಗೆ ಈ ಅಳತೆ ಗೊತ್ತಿಲ್ಲವೋ, ಗೊತ್ತಿದ್ದೂ ಹೇಳುವುದಿಲ್ಲವೋ.

ಹಣ ಕೊಟ್ಟದ್ದು ಸಾರ್ಥಕವೆನಿಸಿದ್ದು ಆ ಎತ್ತರದ ಗರಿಯಿಂದ. ಸಾಮಾನ್ಯ ಜರೀಗಿಡಗಳ ಎಲೆಯ ಅಡಿಯಲ್ಲಿ ಬೀಜಕಣಗಳ ಕೋಶಗಳು ಬಿಡಿಬಿಡಿ ಚುಕ್ಕೆಗಳಾಗಿಯೋ ಗೀಟುಗಳಾಗಿಯೋ ಇರುತ್ತವೆ. ಇದರಲ್ಲಿ ಗರಿಯ ತುದಿಯ ಕೆಲವು ಜೊತೆ ದಳಗಳು ಮಾತ್ರ ಬೀಜಕಣಗಳನ್ನು ಹೊರುತ್ತವೆ, ಮತ್ತು ಆ ದಳಗಳ ಅಡಿಭಾಗವನ್ನು ಕೋಶಗಳು ಒಂದಿಂಚೂ ಬಿಡದೆ ಮುಚ್ಚಿಬಿಡುತ್ತವೆ. ಕೆಳಗಿನ ದಳಗಳೆಲ್ಲ ಹಸಿರಾಗಿದ್ದು, ಮೇಲಿನವು ಮಾತ್ರ ಇಟ್ಟಿಗೆಯ ಕೆಂಪು ಮಖಮಲ್ಲಿನಂತೆ ಕಾಣುತ್ತವೆ. ‘ಆರಿಯಮ್’ ಎಂದರೆ ಚಿನ್ನದ್ದು ಎಂದರ್ಥ. ನನ್ನ ಕಣ್ಣಿಗೆ ಅದು ಚಿನ್ನಕ್ಕಿಂತ ಕೆಂಪುಕಲ್ಲಿನ ಬಣ್ಣ.

ಇಷ್ಟು ಹೊಗಳಿದ ಮೇಲೆ ಮುಖ್ಯವಾದ ತಕರಾರನ್ನು ಹೇಳಬೇಕು. ಚಟ್ಟಿಯಿಂದ ಗಿಡವನ್ನು ಹೊರತೆಗೆದಾಗ, ಮೇಲೆ ಕಂಡ ಕೊಕೊಪೀಟ್ ಬರಿಯ ಹೊದಿಕೆಯಾಗಿದ್ದು, ಒಳಗೆ ಬೂದು ಬಣ್ಣದ ನದಿಯ ಕೆಸರು ಗಟ್ಟಿಯಾಗಿ ಅಂಟಿಕೊಂಡಿತ್ತು. ನೆಲದೊಳಗಿನ ಕಾಂಡದ ಒಂದು ಪಕ್ಕ ಕತ್ತಿಯಿಂದ ಕಡಿದ ಗಾಯವಿತ್ತು. ನರ್ಸರಿಯಲ್ಲಿ ಬೆಳೆಸಿದ ಗಿಡಕ್ಕೆ ಇವೆರಡೂ ಇರುವುದಿಲ್ಲ. ಯಾರೋ ದಡದಿಂದ ಅಗೆದು ತಂದದ್ದನ್ನು ಚಟ್ಟಿಗೆ ತುಂಬಿದ್ದಾರೆ. ಪ್ರಭೇದವೇನೂ ಅಪಾಯದಲ್ಲಿಲ್ಲ. ಕಾಂಡ್ಲಾ ಕಡಿದು ಬಯಲಾದ ಜಾಗಕ್ಕೆ ಇದೇ ಮೊದಲು ನುಗ್ಗಿ, ದಟ್ಟ ಪೊದೆಯಾಗಿ ಕಾಂಡ್ಲಾ ಸಸಿಗಳು ಮತ್ತೆ ಮೇಲೇಳದಂತೆ ಮಾಡುವುದರಿಂದ ಎಷ್ಟೋ ಕಡೆ ಇದನ್ನು ಕಳೆಯೆಂದೇ ಕರೆಯುತ್ತಾರೆ. ಆದರೆ ಅಗೆದವರು ತೆಗೆದದ್ದು ಗಿಡವೊಂದನ್ನೇ ಅಲ್ಲ, ಅದರ ಬೇರು ಹಿಡಿದಿಟ್ಟಿದ್ದ ದಡದ ಮಣ್ಣನ್ನೂ ಕೂಡ.

ಬೀಜಕಣದಿಂದ ಬೆಳೆಸುವುದು ಅಸಾಧ್ಯವೂ ಅಲ್ಲ. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಬೀಜಕಣಗಳು ಮೊಳೆಯುವುದು ಕುಗ್ಗುತ್ತದೆ. ಮೊಳೆತು ಬರುವ ಉಗುರಿನಗಲದ ಹಸಿರು ಹಾಳೆಯ ಮೇಲೆ ನೀರಿನ ಪೊರೆಯಿದ್ದರೆ ಮಾತ್ರ ಗಂಡು ಕಣಗಳು ಈಜಿ ಅಂಡವನ್ನು ಸೇರಬಲ್ಲವು. ನಮ್ಮ ಕರಾವಳಿಯಲ್ಲಿ ಬೇಸಿಗೆಗೆ ಉಪ್ಪು ಏರುವ ನದಿಯಂಚನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ತೊಳೆದು ಸಿಹಿಯಾಗಿಸುವ ಆ ನಾಲ್ಕು ತಿಂಗಳೇ ಅದಕ್ಕೆ ಒದಗುವ ಕಾಲ. ಕಾಂಡ್ಲಾದಂತೆ ತಾಯಿಮರದ ಮೇಲೆಯೇ ಮೊಳೆತು ಕೆಸರಿಗೆ ಚುಚ್ಚಿಕೊಳ್ಳುವ ಸೌಕರ್ಯ ಜರೀಗಿಡಕ್ಕಿಲ್ಲ. ಮಳೆಗಾಲದಲ್ಲಿ ಒಂದು ತಟ್ಟೆ ಒದ್ದೆ ಮಣ್ಣು, ಮೇಲೊಂದು ಗಾಜು, ಜೊತೆಗೆ ತಾಳ್ಮೆ. ನರ್ಸರಿಯವರಿಗೆ ಇದು ಹೊರೆಯಾಗಬಾರದು. ಹಾಗೆ ಬೆಳೆಸಿದ ಗಿಡಕ್ಕೆ ನಾನು 600 ರೂಪಾಯಿ ಕೊಡಲೂ ಸಿದ್ಧ.

ಅಂಗಳವಿದ್ದು, ಬಚ್ಚಲ ನೀರು ಹರಿಯುವ ಬಿಸಿಲಿನ ಜಾಗವಿದ್ದರೆ ಇದರಷ್ಟು ಗಟ್ಟಿಮುಟ್ಟಾದ, ಕಡಿಮೆ ಆರೈಕೆಯ ಜರೀಗಿಡ ಇನ್ನೊಂದಿಲ್ಲ. ಗಿಡಕ್ಕೆ ಐದರಲ್ಲಿ ನಾಲ್ಕು ಅಂಕ. ಜಗಲಿ, ಬಾಲ್ಕನಿ, ಕಚೇರಿಯ ಮೇಜಿಗೆ ಬೇಡ. ಮಾರಿದವರ ಮಾಹಿತಿಗೆ ಒಂದು, ಗಿಡ ಬಂದ ದಾರಿಗೆ ಸೊನ್ನೆ. ಮಳೆಗಾಲ ಮುಗಿದ ಮೇಲೆ ಮತ್ತೆ ಅಲ್ಲಿಗೆ ಹೋಗಿ, ಗಲ್ಲಾದಲ್ಲಿದ್ದವರಿಗೆ ಇಷ್ಟನ್ನೂ ವಿವರಿಸಿದೆ. ಸಮಾಧಾನದಿಂದ ಕೇಳಿಸಿಕೊಂಡು, ‘ತಿದ್ದಿಸುತ್ತೇವೆ ಸಾರ್’ ಎಂದರು. ತಿಂಗಳು ಬಿಟ್ಟು ನೋಡಿದಾಗ ಚೀಟಿಯಲ್ಲಿ ‘ನೆರಳಿಗೆ’ ಎಂಬ ಪದದ ಮೇಲೆ ಪೆನ್ನಿನಿಂದ ಗೀಟು ಎಳೆದಿದ್ದರು. ವಾರಕ್ಕೆ ಎರಡು ಬಾರಿ ನೀರು ಎಂಬುದು ಹಾಗೆಯೇ ಇತ್ತು, ಸಾಲಾಗಿಟ್ಟ ಆರು ಹೊಸ ಚಟ್ಟಿಗಳ ಅಂಚಿನಲ್ಲಿ ಬೂದು ಕೆಸರು ಇನ್ನೂ ಆರಿರಲಿಲ್ಲ.