ದಪ್ಪ ಮೆಣಸಿನಕಾಯಿಗೆ ಅಂತ ತರಿಸಿದ ಕೋರರ್, ಉಪಯೋಗಕ್ಕೆ ಬಂದದ್ದು ಹಾಗಲಕಾಯಿಗೆ

ಎರಡು ತಿಂಗಳ ಹಿಂದೆ ಆನ್‌ಲೈನ್‌ನಲ್ಲಿ ಕ್ಯಾಪ್ಸಿಕಂ ಕೋರರ್ ಅಂತ ಒಂದು ಸೆಟ್ ತರಿಸಿದೆ. 199 ರೂಪಾಯಿ. ಎರಡು ಪ್ಲಾಸ್ಟಿಕ್ ಕೊಳವೆಗಳು, ಒಂದು ದೊಡ್ಡದು, ಒಂದು ಚಿಕ್ಕದು. ತುದಿಯಲ್ಲಿ ಗರಗಸದ ಹಾಗೆ ಹಲ್ಲು, ಮೇಲೆ ಹಿಡಿ. ತೊಟ್ಟಿನ ಮೇಲೆ ಇಟ್ಟು ಒತ್ತಿ, ತಿರುಗಿಸಿ, ಎಳೆದರೆ ತೊಟ್ಟು, ಬೀಜ ಎಲ್ಲ ಒಂದೇ ಸಲ ಆಚೆ ಬರುತ್ತದೆ ಅಂತ ವಿಡಿಯೋದಲ್ಲಿ ತೋರಿಸಿದ್ದರು. ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದರೆ ರಾತ್ರಿ ಹನ್ನೊಂದು ಗಂಟೆಗೆ ಮಲಗಿಕೊಂಡೇ ಆರ್ಡರ್ ಮಾಡಿಬಿಟ್ಟೆ.

ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಸಲವಾದರೂ ತುಂಬಿದ ದಪ್ಪ ಮೆಣಸಿನಕಾಯಿ ಆಗುತ್ತದೆ. ಅಮ್ಮ ಮಾಡಿದರೆ ಎಣ್ಣೆಗಾಯಿ, ಕಡಲೆಬೀಜ, ಎಳ್ಳು, ಒಣಕೊಬ್ಬರಿ, ಹುಣಸೆಹಣ್ಣು, ಬೆಲ್ಲದ ಮಸಾಲೆ ಹಾಕಿ. ನಾನು ಮಾಡಿದರೆ ಆಲೂಗಡ್ಡೆ, ಪನೀರ್ ತುಂಬಿ ಬಾಣಲೆಯಲ್ಲಿ ಬೇಯಿಸುವುದು. ಎರಡಕ್ಕೂ ಕಾಯಿ ಒಡೆಯದ ಹಾಗೆ ಒಳಗೆ ಖಾಲಿ ಮಾಡುವುದೇ ತಲೆನೋವಿನ ಕೆಲಸ. ಅದಕ್ಕೇ ಇದನ್ನು ತರಿಸಿದ್ದು.

ಮೊದಲ ಭಾನುವಾರ ಆರು ಹಸಿರು ಕಾಯಿ ಇಟ್ಟುಕೊಂಡು ಕೂತೆ. ಮೂರು ಸೀಳಿ ಹೋದವು. ನಮ್ಮ ಬೀದಿಯ ತಳ್ಳುಗಾಡಿಯಲ್ಲಿ ಸಿಗುವ ಹಸಿರು ಕಾಯಿಯ ಗೋಡೆ ತೆಳು, ಭುಜ ಒಂದು ಕಡೆ ಎತ್ತರ ಒಂದು ಕಡೆ ತಗ್ಗು, ತೊಟ್ಟು ಗುಂಡಿಯೊಳಗೆ ಇಳಿದಿರುತ್ತದೆ. ಕೋರರ್‌ನ ಬಾಯಿ ಮಟ್ಟಸ. ಅದರ ಹಲ್ಲು ಎತ್ತರದ ಕಡೆ ಮಾತ್ರ ತಾಗುತ್ತದೆ, ಮಿಕ್ಕ ಕಡೆ ಜಾರುತ್ತದೆ. ಜಾಸ್ತಿ ಒತ್ತಿದರೆ ಕಾಯಿಯ ಗೆರೆ ಇರುವ ಕಡೆಯೇ ಚಟ್ ಅಂತ ಬಿರುಕು. ಉಳಿದ ಮೂರರಲ್ಲಿ ಎರಡಕ್ಕೆ ಬಾಯಿ ಎಷ್ಟು ಅಗಲ ಆಯಿತೆಂದರೆ ತುಂಬಿದ್ದೆಲ್ಲ ಎಣ್ಣೆಗೆ ಬಂತು.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇದಕ್ಕೆ ಇನ್ನೂರು ರೂಪಾಯಿ ಕೊಟ್ಯಾ?" ಅಂದವರೇ ಒಂದು ಕಾಯಿ ತಗೊಂಡು, ಎರಡೂ ಹೆಬ್ಬೆರಳಲ್ಲಿ ತೊಟ್ಟನ್ನು ಒಳಕ್ಕೆ ಅದುಮಿದರು. ತೊಟ್ಟಿನ ಸುತ್ತ ಲಟಕ್ ಅಂತ ಬಿಟ್ಟುಕೊಂಡಿತು. ಹಿಡಿದು ತಿರುಚಿ ಎಳೆದರು, ಬೀಜದ ಗಡ್ಡೆ ಸಮೇತ ಆಚೆ ಬಂತು. ಚಾಕುವೂ ಇಲ್ಲ, ಕೋರರ್ರೂ ಇಲ್ಲ. ನಾನು ಇಷ್ಟು ವರ್ಷ ಅದೇ ಅಡುಗೆಮನೆಯಲ್ಲಿ ಊಟ ಮಾಡಿದ್ದೀನಿ, ಇದನ್ನು ಒಂದು ಸಲವೂ ಗಮನಿಸಿರಲಿಲ್ಲ. ಗಟ್ಟಿಯಾದ, ತಾಜಾ ಕಾಯಿ ಆಗಬೇಕು ಅಷ್ಟೇ. ಎರಡು ದಿನ ಫ್ರಿಜ್ಜಲ್ಲಿ ಬಿದ್ದು ಮೆತ್ತಗಾದದ್ದು ಹೆಬ್ಬೆರಳಿಗೆ ಸುಮ್ನೆ ತಗ್ಗುತ್ತದೆ, ಬಿಟ್ಟುಕೊಳ್ಳುವುದಿಲ್ಲ.

ಕೋರರ್‌ಗೆ ಅನ್ಯಾಯ ಆಗಬಾರದು ಅಂತ ಮುಂದಿನ ವಾರ ಕೆಂಪು, ಹಳದಿ ತಂದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಕೋಲಾರದ ಕಡೆ ಪಾಲಿಹೌಸ್‌ನಲ್ಲಿ ಬೆಳೆಯುವ ಜಾತಿ ಇವು. ಗೋಡೆ ದಪ್ಪ, ಮೇಲ್ಭಾಗ ಮಟ್ಟಸ. ಇಲ್ಲಿ ಕೋರರ್ ನಿಜವಾಗಿಯೂ ಕೆಲಸ ಮಾಡಿತು. ಎರಡು ಸುತ್ತು, ಒಂದು ಎಳೆತ, ಗುಂಡಗಿನ ಚೊಕ್ಕ ಬಾಯಿ. ವಿಡಿಯೋದಲ್ಲಿ ಇದ್ದದ್ದೂ ಇಂಥದ್ದೇ ಕೆಂಪು ಕಾಯಿ, ಆಮೇಲೆ ಹೋಗಿ ನೋಡಿದೆ. ಆದರೆ ಅದು ತೆಗೆಯುವುದು ನಡುವಿನ ಗಡ್ಡೆಯನ್ನು ಮಾತ್ರ. ಗೋಡೆಗೆ ಅಂಟಿಕೊಂಡ ಬಿಳಿ ಪಟ್ಟಿಗಳು ಹಾಗೇ ಉಳಿಯುತ್ತವೆ, ಕೆಳಗೆ ಉದುರಿದ ಬೀಜವೂ ಅಷ್ಟೇ. ಅದಕ್ಕೆ ಮತ್ತೆ ಚಮಚ ಬೇಕು. ಆ ಬಿಳಿ ಪಟ್ಟಿ ಸ್ವಲ್ಪ ಕಹಿ, ಜಾಗವನ್ನೂ ತಿನ್ನುತ್ತದೆ, ಆದ್ದರಿಂದ ಬಿಡುವ ಹಾಗಿಲ್ಲ. ಖಾರದ ಮೆಣಸಿನಕಾಯಿಯಲ್ಲಾದರೆ ಖಾರ ಇರುವುದೇ ಆ ಬಿಳಿ ಭಾಗದಲ್ಲಿ, ಬೀಜದಲ್ಲಿ ಅಲ್ಲ. ದಪ್ಪ ಮೆಣಸಿನಕಾಯಿಗೆ ಆ ಖಾರ ಇಲ್ಲ, ಕೈ ಉರಿಯುವ ಭಯವೂ ಇಲ್ಲ.

ಈಗ ನಾನು ಮಾಡುವುದು ಹೀಗೆ. ಕೊಳ್ಳುವಾಗಲೇ ಕಾಯಿಯನ್ನು ನಿಲ್ಲಿಸಿ ನೋಡುತ್ತೀನಿ. ತಳದಲ್ಲಿ ನಾಲ್ಕು ಉಬ್ಬು ಇದ್ದರೆ ಸಾಮಾನ್ಯವಾಗಿ ನೆಟ್ಟಗೆ ಕೂರುತ್ತದೆ. ಮೂರು ಉಬ್ಬು ಗಂಡು, ನಾಲ್ಕು ಉಬ್ಬು ಹೆಣ್ಣು ಅಂತ ವಾಟ್ಸಾಪ್‌ನಲ್ಲಿ ಬರುತ್ತದಲ್ಲಾ, ಅದು ಸುಳ್ಳು. ಕಾಯಿಯಲ್ಲಿ ಗಂಡು ಹೆಣ್ಣು ಅಂತ ಇಲ್ಲ, ಉಬ್ಬು ಹೇಳುವುದು ಒಳಗೆ ಎಷ್ಟು ಕೋಣೆ ಅಂತ ಅಷ್ಟೇ. ಎಲ್ಲಾ ಒಂದೇ ಗಾತ್ರದ್ದು ಆರಿಸಬೇಕು, ಇಲ್ಲದಿದ್ದರೆ ಒಂದು ಬೇಯುವಷ್ಟರಲ್ಲಿ ಇನ್ನೊಂದು ಕುಸಿದಿರುತ್ತದೆ. ತೊಟ್ಟಿನ ಗುಂಡಿಯಲ್ಲಿ ಮಣ್ಣು ಕೂತಿರುತ್ತದೆ, ಅಲ್ಲಿ ಬೆರಳು ಹಾಕಿ ತೊಳೆದು, ಪೂರ್ತಿ ಒರೆಸಿದ ಮೇಲೇ ಚಾಕು. ಎಣ್ಣೆಗಾಯಿಯ ಚಿಕ್ಕ ಕಾಯಿಗೆ ಅಮ್ಮನ ಹೆಬ್ಬೆರಳ ವಿದ್ಯೆ. ಆಲೂಗಡ್ಡೆ ತುಂಬುವ ದೊಡ್ಡ ಕಾಯಿಗೆ ಭುಜದಿಂದ ಒಂದು ಬೆರಳು ಕೆಳಗೆ ಅಡ್ಡ ಕೊಯ್ದು, ಆ ಮೇಲಿನ ಭಾಗವನ್ನು ಮುಚ್ಚಳಕ್ಕೆ ಇಟ್ಟುಕೊಳ್ಳುತ್ತೀನಿ. ನೆಟ್ಟಗೆ ಕೂರದಿದ್ದರೆ ತಳದ ಉಬ್ಬನ್ನು ಸಿಪ್ಪೆ ಹೆರೆದಷ್ಟೇ ಕೊಯ್ಯಬೇಕು. ತೂತಾದರೆ ಮುಗಿಯಿತು.

ಒಳಗೆ ಚಿಟಿಕೆ ಉಪ್ಪು ಸವರಿ ಹತ್ತು ನಿಮಿಷ ಬೋರಲು ಹಾಕಿದರೆ ನೀರು ಇಳಿಯುತ್ತದೆ. ಇದನ್ನು ಬಿಟ್ಟರೆ ತುಂಬಿದ ಪಲ್ಯ ಗೊಜ್ಜಾಗುತ್ತದೆ, ಎರಡು ಸಲ ಅನುಭವಿಸಿದ್ದೀನಿ. ಆಮೇಲೆ ಇಡ್ಲಿ ತಟ್ಟೆಯ ಗುಳಿಯಲ್ಲಿ ಬಾಯಿ ಕೆಳಗೆ ಮಾಡಿ ಕೂರಿಸಿ ಮೂರ್ನಾಲ್ಕು ನಿಮಿಷ ಹಬೆ ಕೊಡುತ್ತೀನಿ. ಗುಳಿಯಲ್ಲಿ ಅಲುಗದೆ ಕೂರುತ್ತವೆ. ಒಂದೇ ತಟ್ಟೆ ಇಡಿ, ಮೇಲೆ ಇನ್ನೊಂದು ಇಡಲು ಎತ್ತರ ಸಾಲದು. ದಪ್ಪ ಗೋಡೆಯ ಕೆಂಪು, ಹಳದಿಗೆ ಮಾತ್ರ ಇದು. ಹಸಿರಿಗೆ ಹಬೆ ಕೊಟ್ಟರೆ ಬಾಣಲೆಗೆ ಹೋಗುವಷ್ಟರಲ್ಲಿ ಮೆತ್ತಗಾಗಿ ಬಗ್ಗುತ್ತದೆ.

ಸೆಟ್‌ನಲ್ಲಿದ್ದ ಚಿಕ್ಕ ಕೋರರ್ ಬಗ್ಗೆ ಹೇಳಲೇಬೇಕು. ಟೊಮೆಟೊಗೆ ಅಂತ ಬರೆದಿದ್ದರು. ಸುಮ್ನೆ ಒಂದು ದಿನ ಹಾಗಲಕಾಯಿಗೆ ಹಾಕಿ ನೋಡಿದೆ. ಎರಡಾಗಿ ಮುರಿದ ಹಾಗಲಕಾಯಿಯ ಒಳಗೆ ತೂರಿಸಿ ತಿರುಗಿಸಿದರೆ ಬೀಜ, ತಿರುಳು ಎಲ್ಲ ಒಂದು ಉರುಳೆಯಾಗಿ ಆಚೆ ಬರುತ್ತದೆ, ಹೊರಗಿನ ಮುಳ್ಳು ಸಿಪ್ಪೆಗೆ ಏನೂ ಆಗುವುದಿಲ್ಲ. ಹಾಗಲಕಾಯಿ ತುಂಬುಗಾಯಿ ಮಾಡುವವರಿಗೆ ಗೊತ್ತಿರುತ್ತದೆ, ಚಾಕುವಲ್ಲಿ ಅದನ್ನು ಕೆರೆಯುವುದು ಎಷ್ಟು ಹಿಂಸೆ ಅಂತ. ಅಮ್ಮ ಬಾಯಿಬಿಟ್ಟು ಹೊಗಳಲಿಲ್ಲ, ಆದರೆ ಈಗ ಅದು ಈಳಿಗೆಮಣೆ ಪಕ್ಕದ ಡಬ್ಬಿಯಲ್ಲಿ ಇದೆ.

ಗುಣಮಟ್ಟ ಸಾಧಾರಣ. ದೊಡ್ಡದರ ಹಿಡಿ ಮೂರನೇ ವಾರಕ್ಕೇ ಅಲುಗಲು ಶುರುವಾಯಿತು, ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರು ತೆಗೆಯಲು ಹಳೇ ಬ್ರಷ್ ಬೇಕು. ಮಾರಿದವರಿಗೆ ಬರೆದೆ, ವಾಪಸ್ ಮಾಡುವ ಏಳು ದಿನ ಮುಗಿದಿದೆ ಅಂತ ಉತ್ತರ ಬಂತು. ನೀವು ಯಾವಾಗಲೂ ಬಣ್ಣದ ದೊಡ್ಡ ಕಾಯಿಯನ್ನೇ ತರುವವರಾದರೆ ತಗೊಳ್ಳಿ, ಆದರೆ ಸ್ಟೀಲಿನದು ನೋಡಿ. ಗಾಡಿಯ ಹಸಿರು ಕಾಯಿ ತರುವವರಾದರೆ ಬೇಡ. ಐದಕ್ಕೆ ಎರಡೂವರೆ ಕೊಡುತ್ತೀನಿ, ಅದರಲ್ಲಿ ಎರಡು ಹಾಗಲಕಾಯಿಯ ಲೆಕ್ಕದ್ದು. ದೊಡ್ಡ ಕೋರರ್ ಯಾರಿಗಾದರೂ ಬೇಕಿದ್ದರೆ ಹೇಳಿ, ಪುಕ್ಕಟೆ ಕೊಡುತ್ತೀನಿ, ಕೊರಿಯರ್ ಖರ್ಚು ನಿಮ್ಮದು.