ಕ್ರ್ಯಾಂಕಿ ಅಂಕಲ್: ಸುಳ್ಳಿನ ಪಟ್ಟು ಕಲಿಸುವ ಆಟ, ಕಾರವಾರದಲ್ಲಿ ಆಡಿ ನೋಡಿದ್ದು

ಮಳೆಗಾಲ ಶುರುವಾದರೆ ಸಾಕು, ಕಾರವಾರದ ವಾಟ್ಸಾಪ್ ಗ್ರೂಪುಗಳಿಗೆ ಎರಡು ಥರದ ಫಾರ್ವರ್ಡ್ ಬರುತ್ತವೆ. ಒಂದು, ಕದ್ರಾ ಡ್ಯಾಮಿನ ಗೇಟ್ ತೆಗೆದರು ಅಂತ ಯಾವುದೋ ಹಳೇ ವಿಡಿಯೊ. ಇನ್ನೊಂದು, 'ಹವಾಮಾನ ಬದಲಾವಣೆ ಎಂಬ ಮಹಾಮೋಸ' ಅಂತ ತಲೆಬರಹ ಇರುವ ಉದ್ದನೆಯ ಬರಹ, ಅಡಿಯಲ್ಲಿ ಯಾರೂ ಕೇಳಿರದ ವಿಜ್ಞಾನಿಯ ಹೆಸರು. ಮೊದಲನೆಯದನ್ನು ಹಿಡಿಯೋದು ಸುಲಭ. ಎರಡನೆಯದಕ್ಕೆ ಏನು ಮಾಡೋದು ಅಂತ ಹುಡುಕುವಾಗ ಸಿಕ್ಕಿದ ಆಟ ಈ ಕ್ರ್ಯಾಂಕಿ ಅಂಕಲ್.

ಪುಕ್ಕಟೆ ಆಟ. ಫೋನಿನಲ್ಲೂ ಆಡಬಹುದು, ಬ್ರೌಸರಿನಲ್ಲೂ ಆಡಬಹುದು. ಮಾಡಿದವರು ಆಸ್ಟ್ರೇಲಿಯಾದ ಜಾನ್ ಕುಕ್. ಇವರು ಮೊದಲು ಕಾರ್ಟೂನ್ ಬರೆಯುತ್ತಿದ್ದರು. 2007ರಲ್ಲಿ ಸ್ಕೆಪ್ಟಿಕಲ್ ಸೈನ್ಸ್ ಅನ್ನುವ ವೆಬ್‌ಸೈಟ್ ಶುರು ಮಾಡಿ, ಹವಾಮಾನದ ಬಗ್ಗೆ ಹರಡುವ ಸುಳ್ಳುಗಳಿಗೆ ಒಂದೊಂದಾಗಿ ಉತ್ತರ ಬರೆಯುತ್ತಾ ಹೋದರು. ಆಮೇಲೆ ಮನಃಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದರು. ಹಾಗಾಗಿ ಆಟದಲ್ಲಿ ಕಾರ್ಟೂನೂ ಇದೆ, ನಮ್ಮ ತಲೆ ಎಲ್ಲಿ ಜಾರುತ್ತದೆ ಅನ್ನುವ ತಿಳಿವಳಿಕೆಯೂ ಇದೆ.

ಮಜಾ ಇರುವುದು ಆಟದ ರೀತಿಯಲ್ಲಿ. ನಿಮಗೆ ಪಾಠ ಹೇಳಿಕೊಡುವವನು ವಿಜ್ಞಾನಿ ಅಲ್ಲ, ವಿಜ್ಞಾನ ಅಂದರೆ ಉರಿದು ಬೀಳುವ ಒಬ್ಬ ಸಿಡುಕು ಮುದುಕ. ಜನರನ್ನು ದಾರಿ ತಪ್ಪಿಸೋದು ಹೇಗೆ ಅಂತ ಅವನು ನಿಮಗೆ ಟ್ರೇನಿಂಗ್ ಕೊಡುತ್ತಾನೆ. ನಕಲಿ ತಜ್ಞರನ್ನು ಮುಂದೆ ಬಿಡೋದು, ತರ್ಕ ತಿರುಚೋದು, ಆಗದ ಪುರಾವೆ ಕೇಳೋದು, ಬೇಕಾದ ಅಂಕಿ ಮಾತ್ರ ಹೆಕ್ಕೋದು, ಪಿತೂರಿ ಕಥೆ ಕಟ್ಟೋದು. ಆಮೇಲೆ ಕ್ವಿಜ್ ಬರುತ್ತದೆ, ಇಲ್ಲಿ ಯಾವ ಪಟ್ಟು ಹಾಕಿದ್ದಾರೆ ಹೇಳಿ ಅಂತ. ಸರಿ ಉತ್ತರ ಕೊಟ್ಟಷ್ಟೂ ನಿಮ್ಮ ಸಿಡುಕು ಏರುತ್ತದೆ, ಹೊಸ ಲೆವೆಲ್ ತೆರೆಯುತ್ತದೆ. ಇದರ ಹಿಂದಿನ ಲೆಕ್ಕಾಚಾರ ಲಸಿಕೆಯದ್ದು. ಸುಳ್ಳಿನ ಸಣ್ಣ ಡೋಸ್ ಮೊದಲೇ ಕೊಟ್ಟರೆ ದೊಡ್ಡದು ಬಂದಾಗ ತಡೆದುಕೊಳ್ಳಬಹುದು ಅಂತ.

ನನಗೆ ಇಷ್ಟವಾದದ್ದು ಇದೇ. ಒಂದೊಂದು ಫಾರ್ವರ್ಡಿಗೂ ಉತ್ತರ ಬಾಯಿಪಾಠ ಮಾಡಿಕೊಳ್ಳಲಿಕ್ಕೆ ಯಾರಿಂದಲೂ ಆಗುವುದಿಲ್ಲ, ನಾಳೆ ಹೊಸದು ಬರುತ್ತದೆ. ಪಟ್ಟುಗಳು ಮಾತ್ರ ಅವೇ. ಈಗ 'ಆಗದ ಪುರಾವೆ ಕೇಳೋದು' ತಗೊಳ್ಳಿ. ನಮ್ಮ ಕಡೆ ಇದು ಹೇಗಿರುತ್ತದೆ ಅಂದರೆ, ರೆಡ್ ಅಲರ್ಟ್ ಅಂತ ಶಾಲೆಗೆ ರಜೆ ಕೊಡುತ್ತಾರೆ, ಆ ದಿನ ಸುಡು ಬಿಸಿಲು, ಮಕ್ಕಳೆಲ್ಲ ಬೀಚಿನಲ್ಲಿ ಕ್ರಿಕೆಟ್. ಸಂಜೆ ಹೊತ್ತಿಗೆ ಮೆಸೇಜ್ ರೆಡಿ: 'ನಾಳೆಯ ಮಳೆ ಹೇಳಲಿಕ್ಕಾಗದವರು 2100ರ ಕಥೆ ಹೇಳ್ತಾರಂತೆ.' ಕೇಳಲಿಕ್ಕೆ ಬಹಳ ಸರಿ ಅನಿಸುತ್ತದೆ ಅಲ್ವಾ? ಆದರೆ ಜುಲೈ 14ಕ್ಕೆ ಮಳೆ ಬರುತ್ತದಾ ಅಂತ ಹೇಳೋದು ಬೇರೆ, ಜನವರಿಗಿಂತ ಜುಲೈಯಲ್ಲಿ ಮಳೆ ಜಾಸ್ತಿ ಅಂತ ಹೇಳೋದು ಬೇರೆ. ಎರಡನೆಯದನ್ನು ಹೇಳಲಿಕ್ಕೆ ಯಾವ ಇಲಾಖೆಯೂ ಬೇಡ. ಹವಾಮಾನ ಬದಲಾವಣೆಯ ಲೆಕ್ಕ ಈ ಎರಡನೇ ಜಾತಿಯದ್ದು.

ಕುಕ್ ಅವರ ಪಟ್ಟಿಯಲ್ಲಿ 'ಒಂದೇ ಕಾರಣ' ಅನ್ನುವ ಪಟ್ಟು ಇದೆ. ನಮ್ಮ ಜಿಲ್ಲೆಯವರು ಇದನ್ನು ಮೊದಲು ಕಲಿಯಬೇಕು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ಎರಡು ಪಕ್ಷ ಆಗಿಹೋಯಿತು. 'ರಸ್ತೆಗೆ ಗುಡ್ಡ ಕಡಿದದ್ದೇ ಕಾರಣ, ಹವಾಮಾನ ಬದಲಾವಣೆ ಬರೀ ನೆಪ' ಅಂತ ಒಂದು ಕಡೆ. 'ಎಲ್ಲ ಪ್ರಕೃತಿ ವಿಕೋಪ, ಯಾರ ತಪ್ಪೂ ಇಲ್ಲ' ಅಂತ ಇನ್ನೊಂದು ಕಡೆ. ಬುಡ ಕಡಿದ ಗುಡ್ಡದ ಮೇಲೆ ದಿನಗಟ್ಟಲೆ ಜಡಿಮಳೆ ಬಿದ್ದರೆ ಎರಡೂ ಸೇರಿಯೇ ಕೆಲಸ ಮಾಡುತ್ತವೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಹೆಚ್ಚು ತೇವ ಹಿಡಿಯುತ್ತದೆ, ಸುರಿಯುವಾಗ ಮಳೆಯೂ ಜೋರಾಗುತ್ತದೆ. ಅದೇ ತಿಂಗಳ ಕೊನೆಗೆ ವಯನಾಡಿನಲ್ಲಿ ಸುರಿದ ಮಳೆಯನ್ನು ವರ್ಲ್ಡ್ ವೆದರ್ ಅಟ್ರಿಬ್ಯೂಷನ್ ಅನ್ನುವ ವಿಜ್ಞಾನಿಗಳ ತಂಡ ಲೆಕ್ಕ ಹಾಕಿ, ಹವಾಮಾನ ಬದಲಾವಣೆಯಿಂದ ಅದು ಸುಮಾರು 10% ಜೋರಾಯಿತು ಅಂತ ಹೇಳಿತು. ಪೂರ್ತಿ ಅದರಿಂದಲೇ ಅಂತ ಹೇಳಲಿಲ್ಲ, ಏನೂ ಇಲ್ಲ ಅಂತಲೂ ಹೇಳಲಿಲ್ಲ. ಫಾರ್ವರ್ಡುಗಳಿಗೆ ಬರದೇ ಇರುವುದು ಇಂಥ ಮಾತೇ.

ಇನ್ನು ದೂರು. ಆಟ ಸುಳ್ಳನ್ನು ಗುರುತಿಸಲಿಕ್ಕೆ ಕಲಿಸುತ್ತದೆ, ಎದುರಿಗೆ ಕೂತವರ ಹತ್ತಿರ ಮಾತಾಡಲಿಕ್ಕೆ ಅಷ್ಟಾಗಿ ಕಲಿಸುವುದಿಲ್ಲ. ಶಿರಸಿ ಕಡೆ ಅಡಿಕೆ ತೋಟ ಇರುವ ನನ್ನ ಸೋದರಮಾವ ಇದ್ದಾರೆ. ಅವರ ಮಾತು, "ಎಂತದೂ ಇಲ್ಲೆ ತಮಾ, ಆಗ್ಲೂ ಮಳೆ ಬತ್ತಿತ್ತು, ಈಗ್ಲೂ ಬತ್ತು." ಇವರಿಗೆ 'ಮಾವ, ನೀವು ಹಾಕಿದ್ದು ಇಂಥ ಪಟ್ಟು' ಅಂತ ಹೇಳಿದರೆ ಊಟ ಬಿಟ್ಟು ಎದ್ದು ಹೋಗುತ್ತಾರೆ, ಅಷ್ಟೇ. ಆದರೆ ಅದೇ ಮನುಷ್ಯ ಕವಳ ಹಾಕಿ ಕೂತಾಗ ಹೇಳುವುದೇನು? "ಮದ್ದು ಹೊಡಿಯಲೆ ಹೊಳವೇ ಸಿಗ್ತಿಲ್ಲೆ." ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲಿಕ್ಕೆ ಮಳೆ ನಡುವೆ ಒಂದೆರಡು ದಿನ ಬಿಡುವು ಬೇಕು, ಆ ಬಿಡುವು ಮೊದಲಿನ ಹಾಗೆ ಬರುತ್ತಿಲ್ಲ ಅಂತ ಅವರೇ ಗಮನಿಸಿದ್ದಾರೆ. ಮಾತು ಶುರು ಮಾಡಬೇಕಾದ್ದು ಅಲ್ಲಿಂದ. ಅಲ್ಲಿಂದ ಅರಬ್ಬಿ ಸಮುದ್ರಕ್ಕೆ ಬರಬಹುದು. 1982ರಿಂದ 2000ದವರೆಗಿನ ಲೆಕ್ಕಕ್ಕೆ ಹೋಲಿಸಿದರೆ 2001ರಿಂದ 2019ರವರೆಗೆ ಇಲ್ಲಿ ಚಂಡಮಾರುತಗಳು 52% ಹೆಚ್ಚಿವೆ ಅಂತ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ವಿಜ್ಞಾನಿಗಳು 2021ರಲ್ಲಿ ತೋರಿಸಿದ್ದಾರೆ. ಮೊದಲು ನಿಜ ಹೇಳು, ಆಮೇಲೆ ಸುಳ್ಳು ಎಲ್ಲಿ ಜಾರಿತು ಹೇಳು, ಕೊನೆಗೆ ಮತ್ತೆ ನಿಜ ಹೇಳು ಅಂತ ಕುಕ್ ಅವರೇ ಬೇರೆ ಕಡೆ ದಾರಿ ತೋರಿಸಿದ್ದಾರೆ. ಅದು ಆಟದೊಳಗೆ ಇನ್ನೂ ಗಟ್ಟಿಯಾಗಿ ಬರಬೇಕಿತ್ತು.

ಇನ್ನೊಂದು ಕಿರಿಕಿರಿ. ನಾಲ್ಕು ಲೆವೆಲ್ ದಾಟಿದ ಮೇಲೆ ಯಾರು ಏನು ಪ್ರಶ್ನೆ ಕೇಳಿದರೂ ಅದು ಸುಳ್ಳಿನ ಪಟ್ಟೇ ಅಂತ ಕಾಣಲಿಕ್ಕೆ ಶುರುವಾಗುತ್ತದೆ. ತಾರ್ಲೆ (ಬೂತಾಯಿ) ಮೀನು ಕಡಿಮೆಯಾದದ್ದಕ್ಕೆ ಲೈಟ್ ಹಾಕಿ ಮೀನು ಹಿಡಿದದ್ದೂ, ಮರಿ ಮೀನು ಬಾಚಿದ್ದೂ ಕಾರಣ ಅಂತ ಮೀನುಗಾರರು ಹೇಳಿದರೆ ಅದು ಹವಾಮಾನ ಬದಲಾವಣೆಯನ್ನು ಅಲ್ಲಗಳೆದ ಹಾಗಲ್ಲ. ಅವರು ಸಮುದ್ರ ನೋಡಿ ಹೇಳುತ್ತಿದ್ದಾರೆ. ಹವಾಮಾನ ಬದಲಾವಣೆ ನಿಜ ಅನ್ನುವ ನಮ್ಮಂಥವರೂ ಕಾಣಿಸಿದ್ದಕ್ಕೆಲ್ಲ ಅದನ್ನೇ ದೂರುವುದುಂಟು. ಆ ತಪ್ಪನ್ನು ಹಿಡಿಯಲಿಕ್ಕೆ ಸಿಡುಕು ಅಂಕಲ್ ನೇರವಾಗಿ ಏನೂ ಕಲಿಸುವುದಿಲ್ಲ.

ನಾನು ಆಡಿದ್ದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಕಷ್ಟ ಅನ್ನುವ ಹೈಸ್ಕೂಲ್ ಮಕ್ಕಳಿಗೆ ಪಕ್ಕದಲ್ಲಿ ಒಬ್ಬರು ಕೂತು ಬಿಡಿಸಿ ಹೇಳಬೇಕು. ಟೀಚರ್‌ಗಳಿಗೆ ಅಂತ ಬೇರೆ ಕೈಪಿಡಿಯೂ ಇದೆ, ಅದು ಚೆನ್ನಾಗಿದೆ.

ಐದಕ್ಕೆ ನಾಲ್ಕು ಸ್ಟಾರ್. ಆಡುವವರಿದ್ದರೆ ನನ್ನ ಸಲಹೆ, ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದ ಒಂದು ನಿಜವಾದ ಫಾರ್ವರ್ಡ್ ತೆಗೆದಿಟ್ಟುಕೊಂಡು ಆಡಿ, ಪ್ರತಿ ಲೆವೆಲ್ ಮುಗಿದ ಮೇಲೆ ಅದರಲ್ಲಿ ಹೊಸ ಪಟ್ಟು ಏನಾದರೂ ಕಾಣುತ್ತದಾ ನೋಡಿ. ಗ್ರೂಪಿನಲ್ಲಿ ಉತ್ತರ ಹಾಕಲಿಕ್ಕೆ ಮಾತ್ರ ಹೋಗಬೇಡಿ, ಕಳಿಸಿದವರಿಗೆ ಫೋನ್ ಮಾಡಿ.